ಬಲ್ಮಠಕ್ಕೆ ಬಂದ ಮಗ್ಗದ ಮೇಸ್ತ್ರಿ

ಮಂಗಳೂರಿನ ಬಲ್ಮಠ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಅಚ್ಚುಮೊಳೆ. 1841ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು. 1894ರಲ್ಲಿ ಕಿಟೆಲ್ ನಿಘಂಟು ಇಲ್ಲಿನ ಮಿಷನ್ ಮುದ್ರಣಾಲಯದಿಂದಲೇ ಬಂತು. ಇದೇ ಬಲ್ಮಠದಲ್ಲಿ ಮಗ್ಗಗಳೂ ಸದ್ದು ಮಾಡುತ್ತಿದ್ದವು. ಅಕ್ಷರದವರಿಗೆ ಸಂದ ಹೆಸರಿನ ಕಾಲುಭಾಗವೂ ನೂಲಿನವರಿಗೆ ಸಿಗಲಿಲ್ಲ.

ಆ ನೂಲಿನವರಲ್ಲಿ ಒಬ್ಬರು ಜಾನ್ ಹಾಲರ್, ಯುರೋಪಿನ ನೇಕಾರ. 1851ರಲ್ಲಿ ಮಂಗಳೂರಿಗೆ ಬಂದದ್ದು ಕಸುಬಿನ ಬಲದಿಂದ. ಮಿಷನ್‌ಗೆ ಆಗ ಉಪದೇಶಿಗಳಿಗಿಂತ ಇಂಥವರೇ ಬೇಕಾಗಿದ್ದರು. ಕ್ರೈಸ್ತರಾದವರಲ್ಲಿ ಎಷ್ಟೋ ಮಂದಿಗೆ ಮನೆ ತಪ್ಪಿತ್ತು, ಕುಲಕಸುಬು ತಪ್ಪಿತ್ತು, ಹೊಟ್ಟೆಪಾಡಿನ ದಾರಿಯೇ ಇರಲಿಲ್ಲ. ಬೇಸಾಯ, ಗಡಿಯಾರ ರಿಪೇರಿ ಎಂದು ಮಿಷನ್ ಏನೇನೋ ಮಾಡಿ ನೋಡಿತು. ಕೈಹಿಡಿದದ್ದು ನೇಯ್ಗೆ, ಆಮೇಲೆ ಹೆಂಚು.

ಹಾಲರ್ ತಂದದ್ದು ಹಾರುವ ಲಾಳಿಯ ಮಗ್ಗ. ಹಳೆಯ ಗುಂಡಿಮಗ್ಗದಲ್ಲಿ ನೇಕಾರ ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯಬೇಕು. ತೋಳು ಚಾಚಿದಷ್ಟೇ ಬಟ್ಟೆಯ ಅಗಲ. ಹೊಸ ಮಗ್ಗದಲ್ಲಿ ಹಾಗಲ್ಲ. ಹಗ್ಗ ಜಗ್ಗಿದರೆ ಲಾಳಿ ಹಾಸಿನ ನಡುವೆ ತಾನೇ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಇನ್ನೊಂದು ಕೈ ಹೊಕ್ಕುನೂಲನ್ನು ಬಡಿದು ಕೂರಿಸುತ್ತದೆ. ಜಾನ್ ಕೇ ಎಂಬ ಇಂಗ್ಲಿಷಿನವನು 1733ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

ನೇಯ್ಗೆಯ ಜೊತೆಗೇ ಬಣ್ಣದ ಕೆಲಸವೂ ನಡೆಯಿತು. ಬಲ್ಮಠದ ಹೆಸರು ಖಾಕಿಗೆ ಅಂಟಿಕೊಂಡದ್ದು ಅಲ್ಲಿಂದ. ಖಾಕಿ ಬಣ್ಣವನ್ನು ಹಾಲರ್ ಕಂಡುಹಿಡಿದರು ಎಂದು ಮಂಗಳೂರಿನಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಇದನ್ನು ಸ್ವಲ್ಪ ಎಚ್ಚರದಿಂದ ಕೇಳಿಸಿಕೊಳ್ಳಬೇಕು. ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿಯಲ್ಲಿ ಸೇನಾಧಿಕಾರಿ ಹ್ಯಾರಿ ಲಮ್ಸ್‌ಡನ್ ತನ್ನ ಗೈಡ್ಸ್ ಪಡೆಗೆ ಮಣ್ಣುಬಣ್ಣದ ಉಡುಪು ತೊಡಿಸಿದ್ದು ಅದಕ್ಕೂ ಮೊದಲು, 1840ರ ದಶಕದಲ್ಲಿ. ಹಾಲರ್ ಅವರಿಗೆ ಸಲ್ಲಬೇಕಾದದ್ದು ಖಾಕಿಯ ಬಣ್ಣಗಾರಿಕೆಯ ಶ್ರೇಯ. ಪೊಲೀಸರ ಪ್ಯಾಂಟಿನ ಚರಿತ್ರೆಯಲ್ಲಿ ಅದೂ ಸಣ್ಣ ಮಾತಲ್ಲ.

ಪರದೇಶದಲ್ಲಿ ಕಸುಬುದಾರನ ಬಾಳು ಹಾಲರ್ ಅವರದಕ್ಕಿಂತ ಬೇರೆ ಥರವೂ ಇರಬಹುದು. ಜಪಾನಿನಲ್ಲಿ ಅಮೆಜೈಕು ಎಂಬ ಮಿಠಾಯಿ ಶಿಲ್ಪಕಲೆಯಿದೆ. ಬಿಸಿ ಸಕ್ಕರೆಪಾಕದ ಉಂಡೆಯನ್ನು ಕಡ್ಡಿಗೆ ಚುಚ್ಚಿ, ಬೆರಳು ಮತ್ತು ಪುಟ್ಟ ಕತ್ತರಿಯಿಂದ ಕೆಲವೇ ನಿಮಿಷಗಳಲ್ಲಿ ಹಕ್ಕಿಯನ್ನೋ ಡ್ರ್ಯಾಗನ್ನನ್ನೋ ಮೂಡಿಸಬೇಕು, ಆರಿದರೆ ಮುಗಿಯಿತು. ಮಿಯುಕಿ ಸುಗಿಮೋರಿ ಎಂಬ ಕಲಾವಿದೆ 1996ರಿಂದ 2013ರವರೆಗೆ ಅಮೆರಿಕದ ಡಿಸ್ನಿ ವರ್ಲ್ಡ್‌ನಲ್ಲಿ ಇದನ್ನು ಮಾಡಿ ತೋರಿಸಿದರು. ಸುತ್ತ ನಿಂತವರು ಅಲ್ಲಿ ಪ್ರೇಕ್ಷಕರು. ಹಾಲರ್ ಸುತ್ತ ನಿಂತವರು ಮಾತ್ರ ಕೆಲಸ ಕಲಿತು ಮಗ್ಗಕ್ಕೆ ಕೂತವರು.

ಮುದ್ರಣಾಲಯಕ್ಕೆಂದು ಬಂದ ಜಾರ್ಜ್ ಪ್ಲೆಬ್ಸ್ಟ್ ಕೂಡ ಹಾಲರ್ ಅವರಂಥದೇ ಆಸಾಮಿ. ಕನ್ನಡ ಅಚ್ಚುಮೊಳೆಗಳಿಗಾಗಿ ದುಡಿದು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹೆಂಚಿಗೆ ಹೆಸರು ತಂದುಕೊಟ್ಟ ಕಾರ್ಖಾನೆ ಅದು.

ಮೊದಲ ಮಹಾಯುದ್ಧ ಬಂದು ಜರ್ಮನರು ಬ್ರಿಟಿಷರಿಗೆ ಶತ್ರುಗಳಾದ ಮೇಲೆ, ಜರ್ಮನರೇ ಹೆಚ್ಚಿದ್ದ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ವಶವಾದವು. ಬಲ್ಮಠದಲ್ಲಿ ಈಗ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ. ಮಿಷನ್ ಕಾಲದ ಪುಸ್ತಕ, ದಾಖಲೆಗಳು ಅದರ ಗ್ರಂಥಾಲಯದಲ್ಲಿವೆ. ಹಾಲರ್ ಬಗ್ಗೆ ಬರೆಯಹೊರಟವರು ಮೊದಲು ಹತ್ತಬೇಕಾದ್ದು ಅಲ್ಲಿನ ಮೆಟ್ಟಿಲು.