ಹೆಳವರ ಹೊತ್ತಿಗೆಯಲ್ಲಿ ಮುತ್ತಜ್ಜನ ಊರು

ಸುಗ್ಗಿ ಮುಗಿದು, ಕಣದ ರಾಶಿ ಮನೆ ಸೇರಿ, ಒಕ್ಕಲು ಮಕ್ಕಳು ತುಸು ಉಸಿರು ಬಿಡುವ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ನಸುಕಿನಲ್ಲೇ ಬರುತ್ತಿದ್ದರು. ಈಗ ಚಕ್ಕಡಿಯಲ್ಲಿ ಬರುವವರೂ ಇದ್ದಾರೆ, ಮೋಟರ್‌ಸೈಕಲ್ಲಿನಲ್ಲಿ ಬರುವವರೂ ಇದ್ದಾರೆ. ಮನೆಯ ಮುಂದೆ ನಿಂತು ಆ ಮನೆತನದ ಬೆಡಗು, ಮನೆದೇವರು, ಮೂಲ ಊರು, ಅಲ್ಲಿಂದ ಇಲ್ಲಿಗೆ ಬಂದ ದಾರಿ, ತಲೆಮಾರಿನಿಂದ ತಲೆಮಾರಿಗೆ ಹುಟ್ಟಿ ಹೋದವರು, ಎಲ್ಲವನ್ನೂ ಹೆಸರು ಹಿಡಿದು ಹೇಳುತ್ತಾರೆ. ಅರಸರ ವಂಶಾವಳಿ ಕಲ್ಲಿನ ಮೇಲೆ, ತಾಮ್ರದ ಮೇಲೆ ಉಳಿಯಿತು. ಒಂದು ಜೋಡಿ ಎತ್ತು, ನಾಲ್ಕು ಕೂರಿಗೆ ಹೊಲ ಇದ್ದ ರೈತನ ವಂಶಾವಳಿ ಉಳಿದದ್ದು ಹೆಳವರಿಂದ.

ಮುತ್ತಜ್ಜನ ಬಗ್ಗೆ ತಿಳಿಯಬೇಕೆನ್ನುವವರು ಈಗ ಹೆಚ್ಚಾಗಿದ್ದಾರೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಮೊಮ್ಮಕ್ಕಳು ಹಳೆಯ ಫೋಟೊ ಹಿಡಿದು ‘ಇವರು ಎಲ್ಲಿಂದ ಬಂದರು’ ಎಂದು ಮನೆಯ ಹಿರಿಯರನ್ನು ಕೇಳುತ್ತಾರೆ. ಹಿರಿಯರ ನೆನಪು ಸಾಮಾನ್ಯವಾಗಿ ಮೂರು ತಲೆಮಾರಿಗೆ ನಿಲ್ಲುತ್ತದೆ. ಅದರ ಹಿಂದಕ್ಕೆ ಹೋಗಲು ಈ ಸೀಮೆಯ ರೈತ ಕುಟುಂಬಗಳಿಗೆ ಎರಡು ದಾರಿ ಇವೆ: ಒಂದು ಹೆಳವರ ಹೊತ್ತಿಗೆ, ಇನ್ನೊಂದು ಸರ್ಕಾರದ ಕಂದಾಯ ಕಡತ. ಎರಡನ್ನೂ ಎದುರುಬದುರು ಇಟ್ಟು ಓದಿದರೆ ಬರಿ ಹೆಸರಾಗಿದ್ದ ಮನುಷ್ಯ ಹೊಲ ಉತ್ತದ್ದು, ಸಾಲ ಮಾಡಿದ್ದು, ಊರು ಬಿಟ್ಟದ್ದು ಕಾಣತೊಡಗುತ್ತದೆ.

ಹೆಳವರು ಮೊದಲು ಯಾರಾಗಿದ್ದರು ಎಂಬುದಕ್ಕೆ ಅವರಲ್ಲೇ ಹಲವು ಕಥೆಗಳಿವೆ. ಅಣ್ಣತಮ್ಮಂದಿರಲ್ಲಿ ಒಬ್ಬ ಕಾಲಿಲ್ಲದವನಿದ್ದ, ಉಳುವ ಶಕ್ತಿ ಅವನಿಗಿರಲಿಲ್ಲ, ಅಣ್ಣಂದಿರು ಅವನಿಗೆ ಕುಲ ಹೊಗಳುವ ಕೆಲಸ ಕೊಟ್ಟು ಬೆಳೆಯಲ್ಲಿ ಪಾಲು ಕೊಟ್ಟರು ಎನ್ನುವುದು ಒಂದು ಕಥೆ. ತೆಲುಗು ನಾಡಿನಲ್ಲಿ ಇದೇ ಕೆಲಸ ಮಾಡುವ ಪಿಚ್ಚಕುಂಟ್ಲವರಲ್ಲೂ ಹೆಚ್ಚುಕಡಿಮೆ ಇಂಥದೇ ಕಥೆ ಇದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಗ್ರಂಥದಲ್ಲಿ ಬಳ್ಳಾರಿ ಸೀಮೆಯ ಹೆಳವರ ಪ್ರಸ್ತಾಪವಿದೆ. ಊರಿನ ಚರಿತ್ರೆಯನ್ನು ಕಾಪಾಡಿಕೊಂಡು ಬಂದವರು, ಕಾಳಗದಲ್ಲಿ ಸತ್ತ ವೀರರ ಹೆಸರು ಹೇಳುವವರು ಎಂದು ಅಲ್ಲಿ ಅವರನ್ನು ಗುರುತಿಸಲಾಗಿದೆ. ಹರಿದ್ವಾರ, ಗಯೆ, ಕಾಶಿಗಳ ಪಂಡರೂ ಯಾತ್ರಿಕರ ವಂಶಾವಳಿ ಬರೆದಿಡುತ್ತಾರೆ. ಹರಿದ್ವಾರದ ಬಹಿಗಳನ್ನು, ಅಂದರೆ ಆ ವಂಶಾವಳಿ ಪುಸ್ತಕಗಳನ್ನು, ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಯೊಂದು ಮೈಕ್ರೊಫಿಲ್ಮ್ ಕೂಡ ಮಾಡಿಕೊಂಡಿದೆ. ಆ ತೀರ್ಥಕ್ಷೇತ್ರಗಳಲ್ಲಿ ಕುಟುಂಬ ಹೊತ್ತಿಗೆಯ ಬಳಿಗೆ ಹೋಗಬೇಕು. ಹೆಳವರದು ಹಾಗಲ್ಲ, ಹೊತ್ತಿಗೆಯೇ ಬಾಗಿಲಿಗೆ ಬರುತ್ತದೆ. ತೀರ್ಥಯಾತ್ರೆಯ ಖರ್ಚು ಭರಿಸಲಾಗದವನ ಹೆಸರೂ ಅದರಲ್ಲಿ ಸೇರಿದ್ದು ಇದರಿಂದಲೇ.

ಬೈಲಹೊಂಗಲದ ಕಡೆಯ ಒಂದು ಊರಿನಲ್ಲಿ, ಬಳಗದವರ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಈ ಓದು ಕೇಳಿದ್ದೇನೆ. ಹೆಳವರ ಹಿರಿಯರು ಅರಿವೆಯ ಗಂಟು ಬಿಚ್ಚಿ ಉದ್ದನೆಯ ಲೆಕ್ಕದ ಪುಸ್ತಕ ಹೊರತೆಗೆದು ಕಣ್ಣಿಗೊತ್ತಿಕೊಂಡರು. ಮನೆಯವರು ಅದಕ್ಕೆ ಅರಿಸಿನ ಕುಂಕುಮ ಏರಿಸಿದರು. ಹಾಳೆಯ ತಲೆಯಲ್ಲಿ ಒಂದು ಹೆಸರು, ಅದರಡಿ ಮಕ್ಕಳ ಹೆಸರು, ಒಬ್ಬೊಬ್ಬ ಮಗನ ಕವಲಿಗೂ ಮತ್ತೊಂದು ಹಾಳೆ. ದತ್ತಕ ಬಂದವನ ಹೆಸರಿನ ಮುಂದೆ ಅವನು ಯಾವ ಮನೆಯಿಂದ ಬಂದ ಎಂಬ ಟಿಪ್ಪಣಿ. ಸಂತಾನವಿಲ್ಲದವನ ಕವಲು ಅಲ್ಲಿಗೇ ನಿಂತಿರುತ್ತದೆ. ಹಳೆಯ ಹಾಳೆಗಳ ಮಸಿ ಕಂದಾಗಿತ್ತು, ಈಚಿನವು ನೀಲಿ ಬಾಲ್‌ಪೆನ್ನಿನವು. ಓದು ರಾಗವಾಗಿ ಸಾಗುತ್ತಿತ್ತು. ಮನೆಯ ಅಜ್ಜಿ ಒಂದು ಕಡೆ ತಡೆದು ‘ಅಂವ ಸಣ್ಣಾಂವ ಅಲ್ಲ, ನಡುಕಿನಾಂವ’ ಎಂದರು. ಹಿರಿಯರು ಓದು ನಿಲ್ಲಿಸಿ, ಹಾಳೆ ನೋಡಿ, ಒಪ್ಪಿ, ತಿದ್ದಿಕೊಂಡರು. ಕೊನೆಗೆ ಹಿಂದಿನ ಭೇಟಿಯ ನಂತರ ಹುಟ್ಟಿದ ಮಕ್ಕಳ ಹೆಸರು ಕೇಳಿ ಬರೆದರು. ಜೋಳ, ಸೀರೆ, ಒಂದಿಷ್ಟು ಹಣ ಕಾಣಿಕೆಯಾಗಿ ಹೋಯಿತು. ಅನುಕೂಲಸ್ಥರ ಮನೆಯಲ್ಲಿ ಆಕಳ ಕರು ಕೊಡುವುದೂ ಉಂಟು.

ಯಾವ ಊರಿನ ಯಾವ ಮನೆಗಳು ಯಾವ ಹೆಳವರ ಪಾಲಿಗೆ ಎಂಬುದು ಅವರೊಳಗೆ ಹಿಂದಿನಿಂದ ಗೊತ್ತಾಗಿರುವ ಹಕ್ಕು. ಅಣ್ಣತಮ್ಮಂದಿರು ಬೇರೆಯಾದಾಗ ಊರುಗಳೂ ಹಂಚಿಹೋಗುತ್ತವೆ, ಹೊತ್ತಿಗೆಗಳೂ ಹಂಚಿಹೋಗುತ್ತವೆ. ಆದ್ದರಿಂದ ನಿಮ್ಮ ಮನೆತನದ ಹೊತ್ತಿಗೆ ಹುಡುಕಬೇಕಾದರೆ ಮೊದಲು ನಿಮ್ಮ ಮೂಲ ಊರಿಗೆ ಬರುವ ಹೆಳವರು ಯಾರು ಎಂದು ಊರಿನವರನ್ನೇ ಕೇಳಬೇಕು.

ಹೆಳವರ ಓದಿನಲ್ಲಿ ಮೂರು ಪದರಗಳಿವೆ. ಮೊದಲನೆಯದು ಹೊಗಳಿಕೆ: ಶಿವಪಾರ್ವತಿಯರಿಂದಲೋ ಕಲ್ಯಾಣದ ಶರಣರಿಂದಲೋ ಕುಲ ಹುಟ್ಟಿದ ಬಗೆ. ಕೊನೆಯದು ಹೆಸರುಗಳ ಸಾಲು. ನಡುವೆ ಇರುವುದು ಊರುಗಳ ಸಾಲು. ಇಂಥ ಊರಿನಿಂದ ಎದ್ದು ಇಂಥ ಊರಿಗೆ ಬಂದರು, ಅಲ್ಲಿ ಇಷ್ಟು ಕಾಲ ಇದ್ದರು, ಅಲ್ಲಿಂದ ಮುಂದಕ್ಕೆ ನಡೆದರು ಎಂಬ ವಿವರ. ಮನೆಯವರು ಹೊಗಳಿಕೆಗೆ ತಲೆದೂಗುತ್ತಾರೆ, ಹೆಸರುಗಳಿಗೆ ಕಿವಿಗೊಡುತ್ತಾರೆ. ನಡುವಿನ ಭಾಗ ಬಂದಾಗ ಎದ್ದು ಚಹಾ ತರಲು ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ಓದಿನಲ್ಲಿ ಅತಿ ಬೆಲೆಯುಳ್ಳದ್ದು ಆ ನಡುವಿನ ಭಾಗ. ಹೊಗಳಿಕೆ ಹಿಗ್ಗಲು ಕಾರಣವಿದೆ, ಕಾಣಿಕೆ ಕೊಡುವವನು ಎದುರಿಗೇ ಕುಳಿತಿರುತ್ತಾನೆ. ಹೆಸರುಗಳಲ್ಲಿ ಒಂದು ತಲೆಮಾರು ಜಾರಿಹೋಗಬಹುದು, ಏಕೆಂದರೆ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮಲ್ಲಿ ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ ಎಂದು ಸರಪಳಿ ಸಾಗುತ್ತದೆ. ಬಿಟ್ಟುಬಂದ ಒಂದು ಸಣ್ಣ ಊರಿನ ಹೆಸರನ್ನು ಸುಮ್ಮನೆ ಕಟ್ಟಿ ಹೇಳುವುದರಿಂದ ಮಾತ್ರ ಯಾರಿಗೂ ಏನೂ ಸಿಗುವುದಿಲ್ಲ.

ಆ ಊರುಗಳಲ್ಲಿ ಕೆಲವು ಇಂದು ನಕ್ಷೆಯಲ್ಲಿ ಕಾಣುವುದಿಲ್ಲ. ಆಗ ‘ಹೆಳವರು ಸುಳ್ಳು ಹೇಳಿದರು’ ಎನ್ನುವವರುಂಟು. ತಾಲ್ಲೂಕು ಕಚೇರಿಯ ಗ್ರಾಮಗಳ ಪಟ್ಟಿಯಲ್ಲಿ ‘ಬೇಚರಾಕ್’ ಎಂದು ಗುರುತು ಹಾಕಿದ ಹಳ್ಳಿಗಳನ್ನು ಅವರು ನೋಡಬೇಕು. ಜನರಿಲ್ಲದೆ ಹಾಳುಬಿದ್ದ, ಆದರೆ ತಮ್ಮದೇ ಸರ್ವೆ ನಂಬರು, ಗಡಿ ಉಳಿಸಿಕೊಂಡಿರುವ ಗ್ರಾಮಗಳವು. ಹೋಗಿ ನೋಡಿದರೆ ಹೊಲಗಳ ನಡುವೆ ಒಂದು ಹನುಮಪ್ಪನ ಗುಡಿ, ಒಂದು ಹಾಳುಬಾವಿ, ಮಡಕೆಯ ಚೂರು ತುಂಬಿದ ದಿಬ್ಬ ಇರುತ್ತವೆ. ಸುತ್ತಲಿನ ರೈತರು ಅದನ್ನು ‘ಹಾಳೂರು’ ಎನ್ನುತ್ತಾರೆ. ಹೆಳವರು ಹೇಳಿದ ಹೆಸರು ಈ ಪಟ್ಟಿಯಲ್ಲಿ ಸಿಕ್ಕರೆ ಮುತ್ತಜ್ಜನ ಜಾಡು ಹತ್ತಿದಂತೆಯೇ.

ಮನೆದೇವರೂ ದಾರಿ ತೋರಿಸುತ್ತದೆ. ಸವದತ್ತಿಯ ಯಲ್ಲಮ್ಮ, ಮೈಲಾರಲಿಂಗ, ಶ್ರೀಶೈಲದ ಮಲ್ಲಯ್ಯನಂಥ ದೊಡ್ಡ ದೇವರಿಗೆ ಸೀಮೆಯ ತುಂಬ ಒಕ್ಕಲು ಇರುವುದರಿಂದ ಅವು ಹೆಚ್ಚೇನೂ ಹೇಳಲಾರವು. ನೂರು ಮೈಲಿ ಆಚೆಯ, ಬೇರೆ ಯಾರೂ ಕೇಳಿರದ ಒಂದು ಹಳ್ಳಿಯ ಬಸವಣ್ಣನಿಗೆ ನಿಮ್ಮ ಮನೆಯವರು ಇವತ್ತಿಗೂ ಜವಳ ತೆಗೆಸಲು ಹೋಗುತ್ತಿದ್ದರೆ, ಆ ಹಳ್ಳಿಯನ್ನು ಹೊತ್ತಿಗೆಯ ಸಾಲಿನಲ್ಲಿ ಹುಡುಕಿ.

ಯಾಕೆ ಊರು ಬಿಟ್ಟರು? ಉತ್ತರ ಬಹಳ ಸಲ ಬರ. 1791–92ರ ಡೋಗಿ ಬರ ಕೃಷ್ಣಾ ಸೀಮೆಯನ್ನು ಬರಿದು ಮಾಡಿತು. 1876–78ರ ಧಾತು–ಈಶ್ವರ ಬರ ಅದಕ್ಕಿಂತ ಚೆನ್ನಾಗಿ ದಾಖಲಾಗಿದೆ: 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದೊಳಗೆ ಇಳಿಯಿತು. ಬರದಷ್ಟೇ 1890ರ ದಶಕದ ಕೊನೆಯಲ್ಲಿ ಬಂದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಊರುಗಳನ್ನು ಅಲುಗಿಸಿದವು. ಹಿರಿಯರು ‘ಧಾತುವಿನಾಗ ಬಂದಾರ’ ಎಂದರೆ ಅದನ್ನು ಇಸವಿಗೆ ಹೊಂದಿಸುವಾಗ ಎಚ್ಚರ ಬೇಕು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು 1876ರಲ್ಲಿ ಬಂತು, 1936ರಲ್ಲೂ ಬಂತು. ಅಜ್ಜನಿಗೂ ಮೊಮ್ಮಗನಿಗೂ ನಡುವಿನ ಅಂತರ ಸರಿಸುಮಾರು ಅಷ್ಟೇ, ಹೆಸರೂ ಒಂದೇ. ಹೀಗಾಗಿ ಇಬ್ಬರು ಬಸಪ್ಪಂದಿರ ಬದುಕು ಒಂದರೊಳಗೊಂದು ಸೇರಿ, ಮನೆಯ ಕಥೆಯಲ್ಲಿ ಒಬ್ಬನೇ ಬಸಪ್ಪ ತೊಂಬತ್ತು ವರ್ಷ ಬಾಳಿ ಎರಡು ಧಾತು ಕಂಡಂತೆ ಆಗಿಬಿಡುತ್ತದೆ. ಇದನ್ನು ಬಿಡಿಸಲು ಕಾಗದ ಬೇಕು.

ಕಾಗದ ಎಲ್ಲಿದೆ? ಮುಂಬೈ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಕಂದಾಯ ಸರ್ವೆ 1840ರ ದಶಕದ ಹೊತ್ತಿಗೆ ಶುರುವಾಯಿತು. ಮೈಸೂರು ಸೀಮೆಗೆ ಅದು ಬಂದದ್ದು 1860ರ ದಶಕದಲ್ಲಿ. ಅದಕ್ಕೂ ಹಿಂದಿನ ಪೇಶ್ವೆ ಕಾಲದ ಕಾಗದಗಳು ಪುಣೆಯ ಪೇಶ್ವೆ ದಫ್ತರಿನಲ್ಲಿವೆ, ಮೋಡಿ ಲಿಪಿಯಲ್ಲಿ. ಹಳೆಯ ಲೆಕ್ಕಪತ್ರ ಕುಲಕರ್ಣಿ–ಶಾನುಭೋಗರ ಮನೆಯಲ್ಲೇ ಇರುತ್ತಿತ್ತು. ಹುಣಸೆಬೀಜದ ಅಂಟು, ಇದ್ದಿಲು ಕಲಸಿ ಬಳಿದ ಕಪ್ಪು ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಕಡತಗಳವು. ವಂಶಪಾರಂಪರ್ಯ ಗ್ರಾಮಾಧಿಕಾರ 1961ರ ಕಾಯಿದೆಯಿಂದ ರದ್ದಾದಾಗ ಎಷ್ಟೋ ಮನೆಗಳಲ್ಲಿ ಈ ಕಡತಗಳು ಅಟ್ಟ ಸೇರಿದವು. ಇನ್ನೊಂದು ಮಾತು: ಇಂದಿನ ವಿಜಯಪುರ, ಬಾಗಲಕೋಟೆಯ ಊರುಗಳನ್ನು ಹತ್ತೊಂಬತ್ತನೆಯ ಶತಮಾನದ ಕಾಗದದಲ್ಲಿ ಹುಡುಕುವವರು ಕಲಾದಗಿ ಜಿಲ್ಲೆಯ ಹೆಸರಿನಲ್ಲೂ ಹುಡುಕಬೇಕು.

ನಮ್ಮಂಥವರಿಗೆ ಎಲ್ಲಕ್ಕಿಂತ ಕೈಗೆಟುಕುವುದು ಹಕ್ಕಿನ ದಾಖಲೆ. ಮುಂಬೈ ಪ್ರಾಂತದಲ್ಲಿ 1903ರ ಕಾಯಿದೆಯಿಂದ ಅದು ಶುರುವಾಯಿತು. ಹೊಲ ಯಾರಿಂದ ಯಾರಿಗೆ, ಯಾವ ಕಾರಣಕ್ಕೆ ಹೋಯಿತು ಎಂಬುದು ಅದರ ಡೈರಿಯಲ್ಲಿ ನಮೂದಾಗಿರುತ್ತದೆ. ಸತ್ತರೆ ವಾರಸಾ, ಬೇರೆಯಾದರೆ ವಾಟ್ನಿ, ಸಾಲಕ್ಕೆ ಬೋಜಾ. ಕೆಲವೇ ಸಾಲುಗಳ ಒಂದು ವಾರಸಾ ನೋಂದಿನಲ್ಲಿ ಸತ್ತವನ ಹೆಸರು, ಸತ್ತ ಸುಮಾರು ದಿನ, ಉಳಿದ ಮಕ್ಕಳು, ಅವರ ವಯಸ್ಸು ಎಲ್ಲವೂ ಇರುತ್ತದೆ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಸರ್ವೆ ನಂಬರು ಕೊಟ್ಟು ನಕಲಿಗೆ ಅರ್ಜಿ ಹಾಕಬಹುದು. ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸವನ್ನೂ ಸರ್ಕಾರ ಈಚೆಗೆ ಕೈಗೆತ್ತಿಕೊಂಡಿದೆ. ಶಾಲೆಯ ದಾಖಲಾತಿ ರಿಜಿಸ್ಟರೂ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಜನ್ಮದಿನ ಜೂನ್ 1 ಎಂದಿದ್ದರೆ ನಂಬಬೇಡಿ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಗುರುಗಳು ಬರೆದುಕೊಂಡದ್ದು ಅದೇ ದಿನ.

ಹೆಣ್ಣುಮಕ್ಕಳ ವಿಷಯದಲ್ಲಿ ಹೆಳವರ ಹೊತ್ತಿಗೆ ಬಡವಾಗಿದೆ. ವಂಶ ಗಂಡುಮಕ್ಕಳ ಹೆಸರಿನಲ್ಲೇ ಇಳಿಯುತ್ತದೆ, ಮಗಳು ಕೊಟ್ಟ ಮನೆಗೆ ಹೋದಳೆಂದು ಬಿಟ್ಟುಹೋಗುತ್ತದೆ. ಮುತ್ತಜ್ಜಿಯ ಹೆಸರು ನನಗೆ ಮುತ್ತಜ್ಜನ ಹೆಸರಿನಷ್ಟೇ ಬೇಕು, ಅದಕ್ಕೆ ಕಂದಾಯದ ಕಾಗದವೇ ಗತಿ. ಗಂಡ ಎಳೆ ವಯಸ್ಸಿನಲ್ಲಿ ತೀರಿಕೊಂಡು ಮಕ್ಕಳು ಚಿಕ್ಕವರಾಗಿದ್ದರೆ ಖಾತೆಯಲ್ಲಿ ಮಗನ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ’ ಎಂದು ಬರೆದು ಆಕೆಯ ಹೆಸರು ನಮೂದಿಸುತ್ತಿದ್ದರು. ಅಜ್ಞಾನ ಪಾಲನಕರ್ತ, ಅಂದರೆ ಪ್ರಾಯಕ್ಕೆ ಬಾರದ ಮಗುವಿನ ಪರವಾಗಿ ಹೊಲ ನೋಡಿಕೊಂಡವಳು. ಮುಂದಿನ ನಮೂದುಗಳನ್ನು ಅನುಸರಿಸಿ ನೋಡಿ: ಆಕೆ ಗಂಡನ ಸಾಲದ ಬೋಜಾ ತೀರಿಸಿದ್ದು, ಮೈದುನನೊಂದಿಗೆ ವಾಟ್ನಿ ಮಾಡಿಸಿಕೊಂಡದ್ದು, ಮಗ ಪ್ರಾಯಕ್ಕೆ ಬಂದಾಗ ತನ್ನ ಹೆಸರು ಕಡಿಮೆಯಾದದ್ದು ಒಂದೊಂದಾಗಿ ಬರುತ್ತವೆ. ಮನೆಯಲ್ಲಿ ಬರಿ ‘ಅಮ್ಮಾಯಿ’ ಎಂದು ಉಳಿದಿದ್ದ ಹೆಂಗಸು ಹತ್ತು ಹನ್ನೆರಡು ವರ್ಷ ಒಂದು ಕಮತವನ್ನೇ ನಡೆಸಿದವಳೆಂದು ಆಗ ತಿಳಿಯುತ್ತದೆ. ಆಕೆಯ ತವರಿನ ಊರು ಗೊತ್ತಾದರೆ ಅಲ್ಲಿಗೆ ಬರುವ ಹೆಳವರ ಬಳಿ ಆಕೆಯ ಅಪ್ಪ, ಅಣ್ಣಂದಿರ ಕವಲು ಸಿಗುತ್ತದೆ. ನಾನು ಕುಳಿತಿದ್ದ ಆ ಪಡಸಾಲೆಯಲ್ಲಿ ಸೊಸೆಯೊಬ್ಬಳು ತನ್ನ ಮಗಳ ಹೆಸರನ್ನೂ ಬರೆಯಬೇಕೆಂದು ಕೇಳಿದಳು. ಹಿರಿಯರು ಮರುಮಾತಿಲ್ಲದೆ ಬರೆದುಕೊಂಡರು.

ಹೆಳವರ ಸ್ಥಿತಿ ಈಗ ಸುಲಭವಾಗಿಲ್ಲ. ಹಿಂದುಳಿದ ವರ್ಗಗಳ ಪ್ರವರ್ಗ–1ರಲ್ಲಿರುವ ಅಲೆಮಾರಿ ಸಮುದಾಯವದು. ಕಾಣಿಕೆಯ ಜೋಳದಿಂದ ಮನೆ ನಡೆಯುವ ಕಾಲ ಹೋಯಿತು, ಓದಿದ ಮಕ್ಕಳು ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಹಿಡಿಯಲೇಬೇಕು, ಅದು ಅವರ ಹಕ್ಕು. ಹೊತ್ತಿಗೆಗಳು ಮಾತ್ರ ಪೆಟ್ಟಿಗೆಯಲ್ಲಿ ಗೆದ್ದಲಿಗೆ ಸಿಗಬಾರದು. ವಿಶ್ವವಿದ್ಯಾಲಯಗಳು ಊರೂರಿನ ಚರಿತ್ರೆ ಬರೆದಿಟ್ಟ ಕೈಫಿಯತ್ತುಗಳಿಗೆ ತೋರಿದ ಕಾಳಜಿಯನ್ನು ಇವಕ್ಕೂ ತೋರಬೇಕು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳಿಂದ ಊರುಗಳ ಚರಿತ್ರೆಗೆ ಎಷ್ಟು ಬಲ ಬಂತೆಂದು ನಮಗೆ ಗೊತ್ತಿದೆ. ಹೊತ್ತಿಗೆಯ ಪ್ರತಿ ಮಾಡುವಾಗ ಅದರ ಒಡೆತನ ಹೆಳವರದು ಎಂಬುದನ್ನು ಮರೆಯಬಾರದು, ಅವರ ಜೀವನೋಪಾಯವೂ ಅದೇ. ಒಂದು ಮನೆತನದ ಹಾಳೆಯನ್ನು ಇನ್ನೊಂದು ಮನೆಯವರಿಗೆ ಅವರು ಸುಲಭಕ್ಕೆ ತೋರಿಸುವುದಿಲ್ಲ; ದತ್ತಕ, ಕೂಡಿಕೆ, ಜಗಳದ ಪಾಲುಗಳೆಲ್ಲ ಅದರಲ್ಲಿರುತ್ತವೆ.

ಊರಿನಿಂದ ‘ಹೆಳವರು ಬಂದಾರ’ ಎಂದು ಫೋನು ಬಂದರೆ ರಜೆ ಹಾಕಿ ಹೋಗಿ. ಹೊಲದ ಹಳೆಯ ಉತಾರಗಳನ್ನು, ಅಂದರೆ ಹಕ್ಕಿನ ದಾಖಲೆಯ ನಕಲುಗಳನ್ನು, ಜೊತೆಗಿಟ್ಟುಕೊಳ್ಳಿ. ಓದನ್ನು ಮೊಟಕು ಮಾಡಿಸಬೇಡಿ, ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಊರುಗಳ ಹೆಸರು ಬಂದಾಗ ಎರಡನೆಯ ಸಲ ಹೇಳಿಸಿ ಬರೆದುಕೊಳ್ಳಿ. ಪ್ರತಿ ಊರಿಗೂ ಅದನ್ನು ಯಾಕೆ ಬಿಟ್ಟರು ಎಂದು ಕೇಳಿ. ಹೊತ್ತಿಗೆಯಲ್ಲಿ ಬರೆದಿರದ ಎಷ್ಟೋ ಸಂಗತಿ ಅವರ ಬಾಯಲ್ಲಿ ಇರುತ್ತದೆ. ಕಾಣಿಕೆಯನ್ನು ನಿಮ್ಮ ಅಜ್ಜ ಕೊಟ್ಟ ಲೆಕ್ಕದಲ್ಲಿ ಕೊಡಬೇಡಿ, ಇವತ್ತಿನ ಸಂಬಳದ ಲೆಕ್ಕದಲ್ಲಿ ಕೊಡಿ.