ಗುರು–ಶನಿಗಳ ಒಡಲ ಬಿಸಿ

ನಮ್ಮ ಮನೆಗಳಲ್ಲಿ ಮದುವೆಯ ಮಾತು ಬಂತೆಂದರೆ ‘ಗುರುಬಲ ಬಂದಿದೆಯೇ?’ ಎಂದು ಮೊದಲು ವಿಚಾರಿಸುತ್ತೇವೆ. ಹಿಡಿದ ಕೆಲಸ ಕೈಗೂಡದಿದ್ದರೆ ಶನಿಯ ಕಾಟವೆಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಊರು ಬಿಟ್ಟು ಮುಂಬಯಿ, ಪುಣೆ, ದಿಲ್ಲಿಗಳಿಗೆ ಬಂದು ನೆಲೆಸಿದರೂ ಈ ಇಬ್ಬರು ನಮ್ಮ ಬೆನ್ನು ಬಿಟ್ಟಿಲ್ಲ. ಇಷ್ಟು ಕಾಲದಿಂದ ನಮ್ಮ ಸಂಸಾರದಲ್ಲಿ ಕೈಯಾಡಿಸುತ್ತ ಬಂದವರ ಸ್ವಂತ ಸಂಸಾರ ಹೇಗಿದೆಯೆಂದು ನಾವು ವಿಚಾರಿಸಿದ್ದು ಮಾತ್ರ ಕಡಮೆ. ಜಾತಕದ ಮಾತನ್ನು ಬಲ್ಲವರಿಗೆ ಬಿಟ್ಟು, ಈ ಎರಡು ಗ್ರಹಗಳ ಒಡಲಲ್ಲಿ ಏನಿದೆ, ಅಲ್ಲಿಯ ಬಿಸಿ ಹೊರಕ್ಕೆ ಹೇಗೆ ಬರುತ್ತದೆ ಎಂಬುದನ್ನಷ್ಟೆ ಇಲ್ಲಿ ನೋಡೋಣ.

ಸರಕಾರಿ ಕಚೇರಿಯಲ್ಲಿ ಜಮಾಖರ್ಚಿನ ಪಟ್ಟಿಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಈ ವಿಷಯ ಬೇಗ ಹಿಡಿಸುತ್ತದೆ. ಏಕೆಂದರೆ ಇದು ತಾಳೆಯಾಗದ ಒಂದು ಲೆಕ್ಕದಿಂದ ಹುಟ್ಟಿದ ವಿಚಾರ.

ಗುರುಗ್ರಹ ಭೂಮಿಯ 318 ಪಟ್ಟು ತೂಗುತ್ತದೆ. ಸೂರ್ಯನಿಂದ ಅದು ನಮಗಿಂತ ಐದು ಪಟ್ಟು ದೂರ. ಆದುದರಿಂದ ನಮಗೆ ದೊರೆಯುವ ಬಿಸಿಲಿನ ಇಪ್ಪತ್ತೇಳನೆಯ ಒಂದು ಪಾಲು ಮಾತ್ರ ಅಲ್ಲಿಗೆ ಮುಟ್ಟುತ್ತದೆ. ರಾತ್ರಿ ನಾವು ಕಾಣುವ ಗುರುವಿನ ಬೆಳಕು ಅದರ ಸ್ವಂತದ್ದಲ್ಲ. ಬಿಸಿಲು ಅದರ ಮೋಡಗಳಿಗೆ ತಾಗಿ ಹಿಂದಿರುಗಿದ್ದು. ಆದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಗ್ರಹ ತನ್ನ ಶಾಖವನ್ನೂ ಹೊರಚೆಲ್ಲುತ್ತಿರುತ್ತದೆ. 1966ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಫ್ರಾಂಕ್ ಲೋ ಈ ಕಿರಣಗಳನ್ನು ಅಳೆದು, ಗುರು ತಾನು ಪಡೆಯುವುದಕ್ಕಿಂತ ಹೆಚ್ಚು ಶಾಖವನ್ನು ಕೊಡುತ್ತಿದೆ ಎಂದು ಸೂಚಿಸಿದರು. 1973ರಲ್ಲಿ ಪಯೊನಿಯರ್, 1979ರಲ್ಲಿ ವಾಯೇಜರ್ ನೌಕೆಗಳು ಹತ್ತಿರದಿಂದ ಹಾದುಹೋಗಿ ಅದನ್ನೇ ಹೇಳಿದವು. ಶನಿಗೆ ಹೋಗುವ ದಾರಿಯಲ್ಲಿ 2000ದ ಡಿಸೆಂಬರಿನಲ್ಲಿ ಗುರುವಿನ ಪಕ್ಕದಲ್ಲಿ ಸಾಗಿದ ಕ್ಯಾಸಿನಿ ನೌಕೆಯ ಅಳತೆಗಳಿಂದ 2018ರಲ್ಲಿ ಹೊರಬಿದ್ದ ಅಂಕಿಗಳು ಹೀಗಿವೆ: ಪ್ರತಿ ಚದರ ಮೀಟರಿಗೆ ಸರಾಸರಿ ಜಮಾ ಸುಮಾರು 6.6 ವ್ಯಾಟ್, ಖರ್ಚು ಸುಮಾರು 14.1 ವ್ಯಾಟ್. ಉಳಿದ ಏಳೂವರೆ ವ್ಯಾಟ್ ಒಳಗಿನಿಂದಲೇ ಬರಬೇಕು. ಮನೆಯ ಸಣ್ಣ ದೀಪಕ್ಕೂ ಸಾಲದ ಮೊತ್ತವೆಂದು ಇದನ್ನು ಹಗುರಾಗಿ ಕಾಣಬಾರದು. ನಮ್ಮ ಭೂಮಿ ತನ್ನ ಒಡಲಿನಿಂದ ಕೊಡುವುದು ಒಂದು ವ್ಯಾಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ. ಜ್ವಾಲಾಮುಖಿಗಳ ಆರ್ಭಟವೆಲ್ಲ ಅಷ್ಟರಲ್ಲೇ ನಡೆದುಹೋಗುತ್ತದೆ!

ಜಮೆಗಿಂತ ಖರ್ಚು ಇಮ್ಮಡಿಯಾದ ಮನೆಯಲ್ಲಿ ಒಂದೋ ಗುಟ್ಟಿನ ಸಂಪಾದನೆಯಿರಬೇಕು, ಇಲ್ಲವೆ ಪಿತ್ರಾರ್ಜಿತ ಕರಗುತ್ತಿರಬೇಕು. ಸೂರ್ಯನಂತೆ ಪರಮಾಣುಗಳನ್ನು ಬೆಸೆದು ಸಂಪಾದಿಸುವ ಯೋಗ್ಯತೆ ಗುರುವಿಗಿಲ್ಲ. ಅದಕ್ಕೆ ಅದು ಈಗಿರುವುದರ ಸುಮಾರು 80 ಪಟ್ಟು ತೂಗಬೇಕಿತ್ತು. ಆದುದರಿಂದ ಇದು ಪಿತ್ರಾರ್ಜಿತವೇ. ಸುಮಾರು 450 ಕೋಟಿ ವರ್ಷಗಳ ಹಿಂದೆ ಅನಿಲವೂ ಧೂಳೂ ತಮ್ಮ ಸೆಳೆತಕ್ಕೆ ತಾವೇ ಸಿಕ್ಕಿ ಒಂದರ ಮೇಲೊಂದು ಬಂದು ಬಿದ್ದವು. ಆ ಬೀಳುವಿಕೆಯೇ ಶಾಖವಾಯಿತು. ನೂರು ಮೀಟರು ಎತ್ತರದಿಂದ ಧುಮುಕುವ ನೀರು ಕೂಡ ಲೆಕ್ಕದಂತೆ ಸುಮಾರು ಕಾಲು ಡಿಗ್ರಿ ಬೆಚ್ಚಗಾಗುತ್ತದೆ. ಗುರುವಿನಂಥ ಗಾತ್ರಕ್ಕೆ ಆ ಗಳಿಕೆ ಎಷ್ಟಾಗಿರಬೇಕೆಂದು ವಾಚಕರು ಊಹಿಸಬಹುದು. ಅಂದು ಕೂಡಿಟ್ಟದ್ದನ್ನು ಅದು ಇಂದಿಗೂ ಖರ್ಚುಮಾಡುತ್ತಿದೆ. ಆರುತ್ತ ಆರುತ್ತ ಬಹು ನಿಧಾನವಾಗಿ ಕುಗ್ಗುತ್ತಲೂ ಇದೆ. ಕುಗ್ಗಿದಷ್ಟು ಮತ್ತೆ ಸ್ವಲ್ಪ ಶಾಖ ಹುಟ್ಟುತ್ತದೆ.

ಇನ್ನು ಒಳಕ್ಕೆ ಇಳಿಯೋಣ. ಅಲ್ಲಿ ಕಾಲೂರಲು ನೆಲವಿಲ್ಲ. ಗುರುವಿನ ಬಹುಪಾಲು ಜಲಜನಕ, ಅಂದರೆ ಹೈಡ್ರೋಜನ್. ಉಳಿದುದರಲ್ಲಿ ಮುಖ್ಯವಾದುದು ಹೀಲಿಯಂ. ಒತ್ತಡ ನಮ್ಮ ವಾಯುಮಂಡಲದಷ್ಟೇ ಇರುವ ಮಟ್ಟದಲ್ಲಿ ಸೊನ್ನೆಗಿಂತ 107 ಡಿಗ್ರಿ ಕೆಳಗಿನ ಚಳಿ. 1995ರ ಡಿಸೆಂಬರ್ 7ರಂದು ಗೆಲಿಲಿಯೊ ನೌಕೆ ಕಳುಹಿಸಿದ ಒಂದು ಶೋಧಕಯಂತ್ರ ಪ್ಯಾರಾಚೂಟಿಗೆ ತೂಗುಬಿದ್ದು ಈ ಮೋಡಗಳೊಳಕ್ಕೆ ಇಳಿಯಿತು. ಒಂದು ಗಂಟೆಗೆ ತುಸು ಕಡಮೆ ಕಾಲ ಅದು ಸುದ್ದಿ ಕಳುಹಿಸಿತು. ಕೊನೆಯ ಸುದ್ದಿ ಬಂದಾಗ ಒತ್ತಡ ನಮ್ಮಲ್ಲಿಯ 22 ಪಟ್ಟು, ಬಿಸಿ 150 ಡಿಗ್ರಿಯ ಹತ್ತಿರ. ಇಷ್ಟೆಲ್ಲ ಸಾಹಸಮಾಡಿ ಅದು ಇಳಿದದ್ದು ನೂರೈವತ್ತು ಕಿಲೋಮೀಟರಿನ ಆಸುಪಾಸು. ಕೇಂದ್ರ ಇನ್ನೂ 70,000 ಕಿಲೋಮೀಟರು ಆಳದಲ್ಲಿತ್ತು. ಅಲ್ಲಿಂದ ಮುಂದಿನದು ಲೆಕ್ಕದ ಮತ್ತು ಪ್ರಯೋಗಶಾಲೆಯ ದಾರಿ.

ಕೆಳಗಿಳಿದಂತೆ ಅನಿಲ ದಟ್ಟವಾಗುತ್ತ ದ್ರವದಂತಾಗುತ್ತದೆ. ಇಲ್ಲಿಗೆ ಗಾಳಿ ಮುಗಿಯಿತು, ಇಲ್ಲಿಂದ ಕಡಲು ಮೊದಲಾಯಿತು ಎಂದು ಗೆರೆ ಎಳೆಯುವಂತಿಲ್ಲ. ಒತ್ತಡ ನಮ್ಮಲ್ಲಿಯ ಹತ್ತು ಲಕ್ಷ ಪಟ್ಟು ದಾಟಿದ ಮೇಲೆ ಜಲಜನಕ ತನ್ನ ಸ್ವಭಾವವನ್ನೇ ಬದಲಿಸುತ್ತದೆ. ಎಲೆಕ್ಟ್ರಾನುಗಳು ಪರಮಾಣುಗಳ ಹಿಡಿತದಿಂದ ಬಿಡಿಸಿಕೊಂಡು ಅಡ್ಡಾಡತೊಡಗಿ, ಅದು ಕರಗಿದ ಲೋಹದಂತೆ ವಿದ್ಯುತ್ತನ್ನು ಹರಿಯಬಿಡುತ್ತದೆ. ಜಲಜನಕ ಲೋಹವಾಗಬಲ್ಲದೆಂದು ವಿಗ್ನರ್ ಮತ್ತು ಹಂಟಿಂಗ್‌ಟನ್ ಎಂಬವರು 1935ರಲ್ಲೇ ಬರೆದಿದ್ದರು. 1996ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿ, ಕ್ಷಣಮಾತ್ರದ ಹೊಡೆತದಿಂದ ಸುಮಾರು 14 ಲಕ್ಷ ಪಟ್ಟು ಒತ್ತಡ ತಂದಾಗ ಅದು ಪ್ರಯೋಗದಲ್ಲಿ ಕಂಡಿತು. ಗುರುವಿನ ಒಡಲಿನ ಬಹುಭಾಗ ಈ ಲೋಹದ್ರವವೇ. ಅದರ ಬಲವಾದ ಕಾಂತಕ್ಷೇತ್ರ ಹುಟ್ಟುವುದು ಈ ದ್ರವ ಸದಾ ಕಲಕಾಡುತ್ತಿರುವುದರಿಂದ; ಕಲಕುವ ಸೌಟು ಹೊರಕ್ಕೆ ಹೊರಟ ಶಾಖ.

ಶಾಖಕ್ಕೆ ಮೂರು ದಾರಿಗಳೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಕುದಿಯುವ ಹುಳಿಯಲ್ಲಿಟ್ಟ ಸೌಟಿನ ಹಿಡಿ ಬಿಸಿಯಾಗುವುದು ವಹನ. ಕೆಂಡದ ಕಾವು ದೂರ ಕುಳಿತವರ ಮೈಗೆ ತಾಗುವುದು ವಿಕಿರಣ. ಗುರುವಿನ ಗಾತ್ರಕ್ಕೆ ಮೊದಲನೆಯದು ತೀರ ನಿಧಾನ; ಎರಡನೆಯದಕ್ಕೆ ಅಲ್ಲಿಯ ದಟ್ಟ ಅನಿಲವೇ ಅಡ್ಡಗೋಡೆ. ಉಳಿದದ್ದು ಸಂವಹನ, ಅಂದರೆ ಒಲೆಯ ಮೇಲಿಟ್ಟ ಎಸರಿನಲ್ಲಿ ತಳದ ನೀರು ಬಿಸಿಯಾಗಿ ಹಗುರಾಗಿ ಮೇಲೇರಿ, ಮೇಲಿನ ತಣ್ಣೀರು ಕೆಳಗಿಳಿಯುವ ಸುತ್ತಾಟ. ಇಷ್ಟು ಶಾಖ ಹೊರಬರಬೇಕಾದರೆ ಗುರುವಿನ ಒಡಲು ಹೀಗೆ ಕಲಕಾಡುತ್ತಿರಲೇಬೇಕೆಂದು 1968ರಲ್ಲಿ ವಿಲಿಯಂ ಹಬ್ಬರ್ಡ್ ವಾದಿಸಿದರು. ಈ ವಾದದ ಪ್ರಯೋಜನ ದೊಡ್ಡದು. ಚೆನ್ನಾಗಿ ಕಲಕಾಡುವ ದ್ರವದಲ್ಲಿ ಮೇಲಿನ ಬಿಸಿ ಗೊತ್ತಿದ್ದರೆ ಆಳದ ಬಿಸಿಯನ್ನು ಲೆಕ್ಕಹಾಕಬಹುದು. ಕೇಂದ್ರದಲ್ಲಿ 20,000 ಡಿಗ್ರಿಯ ಆಸುಪಾಸು ಇರಬೇಕೆಂಬ ಅಂದಾಜು ಹೀಗೆ ಬಂದದ್ದು. ಸೂರ್ಯನ ಮೈಮೇಲಿರುವುದೇ 5,500 ಡಿಗ್ರಿ!

ಗುರುವಿಗೆ ಈ ಲೆಕ್ಕ ಹೊಂದಿತು. ಹುಟ್ಟಿನ ಬಿಸಿಯಿಂದ ಈಗಿನ ಮಟ್ಟಕ್ಕೆ ಆರಲು ಬೇಕಾದ ಕಾಲ ಗ್ರಹದ ವಯಸ್ಸಿಗೆ ಹೆಚ್ಚುಕಡಮೆ ಸರಿಹೋಯಿತು. ತೊಡಕು ಕೊಟ್ಟವನು, ಹೇಳಬೇಕೆ, ಶನಿ. ಅವನ ತೂಕ ಭೂಮಿಯ 95 ಪಟ್ಟು ಮಾತ್ರ, ಪಿತ್ರಾರ್ಜಿತವೂ ಅಷ್ಟಕ್ಕಷ್ಟೆ. ಅದೇ ಲೆಕ್ಕದಂತೆ 200–250 ಕೋಟಿ ವರ್ಷಗಳಲ್ಲೇ ಈಗಿನ ಸ್ಥಿತಿಗೆ ಬಂದು, ಇಷ್ಟುಹೊತ್ತಿಗೆ ಇನ್ನಷ್ಟು ತಣ್ಣಗಾಗಿರಬೇಕಿತ್ತು. ವಾಯೇಜರ್ ಅಳೆದಾಗ ಅವನು ಬಿಸಿಲಿನಿಂದ ಪಡೆದುದರ ಸುಮಾರು ಒಂದೂಮುಕ್ಕಾಲು ಪಟ್ಟು ಖರ್ಚುಮಾಡುತ್ತಿದ್ದ. ಈ ಮನೆಯಲ್ಲಿ ಗುಟ್ಟಿನ ಸಂಪಾದನೆಯನ್ನು ಹುಡುಕಲೇಬೇಕಾಯಿತು.

ಅದಕ್ಕೊಂದು ಉತ್ತರವನ್ನು ಎಡ್ವಿನ್ ಸಾಲ್‌ಪೀಟರ್ 1973ರಲ್ಲಿ ಸೂಚಿಸಿದರು. 1977ರಲ್ಲಿ ಡೇವಿಡ್ ಸ್ಟೀವನ್‌ಸನ್ ಜೊತೆ ಸೇರಿ ಬೆಳೆಸಿದರು. ಬಿಸಿ ಪಾಕದಲ್ಲಿ ಕರಗಿ ಒಂದಾಗಿರುವ ಸಕ್ಕರೆ, ಪಾಕ ಆರಿದಂತೆ ಹರಳುಗಟ್ಟಿ ತಳಕ್ಕಿಳಿಯುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಶನಿಯ ಒಡಲಿನಲ್ಲೂ ಹಾಗೆಯೇ. ಲೋಹದ ಜಲಜನಕದಲ್ಲಿ ಕರಗಿದ್ದ ಹೀಲಿಯಂ, ಬಿಸಿ ಕಡಮೆಯಾದಂತೆ ಬೇರ್ಪಟ್ಟು, ಹನಿಗೂಡಿ, ಮಳೆಯಾಗಿ ಆಳಕ್ಕೆ ಬೀಳುತ್ತದೆ. ಬಿದ್ದದ್ದೆಲ್ಲ ಶಾಖವಾಗುತ್ತದೆ. ಗುರು ಹೆಚ್ಚು ಬಿಸಿಯಾಗಿರುವುದರಿಂದ ಅಲ್ಲಿ ಈ ಮಳೆ ತಡವಾಗಿ ತೊಡಗಿರಬೇಕು, ಅಷ್ಟೆ.

ಕಾಣದ ಮಳೆಗೆ ಸಾಕ್ಷಿ ಎಲ್ಲಿ? ಗೆಲಿಲಿಯೊ ಶೋಧಕ ಗುರುವಿನ ಮೇಲ್ಪದರದಲ್ಲಿ ಕಂಡ ಹೀಲಿಯಂ, ಸೂರ್ಯ ಹುಟ್ಟಿದಾಗ ಅದರಲ್ಲಿದ್ದ ಪಾಲಿಗಿಂತ ಕಡಮೆಯಿತ್ತು. ನಿಯಾನಂತೂ ಸೂರ್ಯನಲ್ಲಿರುವ ಪಾಲಿನ ಹತ್ತನೆಯ ಒಂದರಷ್ಟು ಮಾತ್ರ. ನಿಯಾನ್ ಹೀಲಿಯಂ ಹನಿಗಳಲ್ಲಿ ಸುಲಭವಾಗಿ ಕರಗುತ್ತದೆ, ಅವುಗಳ ಸಂಗಡ ಅದೂ ಕೆಳಗಿಳಿದಿದೆ ಎಂದು 2010ರಲ್ಲಿ ಪ್ರಕಟವಾದ ಲೆಕ್ಕ ತೋರಿಸಿತು. ಈ ವಿಷಯದಲ್ಲೆಲ್ಲ ನಮಗೆ ಬಹಳ ಮೆಚ್ಚಾದ ಜಾಣ್ಮೆ ಇದು: ಮನೆಯಿಂದ ಹೋದವನನ್ನು ಜೊತೆಗೆ ಹೋದವನ ಮೂಲಕ ಪತ್ತೆಹಚ್ಚಿದಂತೆ.

ಇಷ್ಟಕ್ಕೇ ಖಾತೆ ಮುಚ್ಚುವಂತಾಗಲಿಲ್ಲ. ಹಿಂದಿನ ಪುಸ್ತಕಗಳು ಮಾವಿನ ಹಣ್ಣಿಗೆ ಓಟೆಯಿರುವಂತೆ ಈ ಗ್ರಹಗಳ ನಡುವೆ ಕಲ್ಲು–ಲೋಹಗಳ ಗಟ್ಟಿ ತಿರುಳನ್ನು ಬಿಡಿಸುತ್ತಿದ್ದವು. 2016ರ ಜುಲೈಯಲ್ಲಿ ಗುರುವನ್ನು ತಲುಪಿದ ಜೂನೋ ನೌಕೆಯ ವೇಗದಲ್ಲಾಗುವ ಅತಿ ಸಣ್ಣ ಏರಿಳಿತಗಳಿಂದ ಗ್ರಹದ ಸೆಳೆತವನ್ನು ಅಳೆದಾಗ, ಓಟೆ ಕರಗಿಹೋದಂತೆ ತೋರಿತು. ಭಾರದ ದ್ರವ್ಯ ಜಲಜನಕದೊಡನೆ ಬೆರೆತು, ಕೇಂದ್ರದಿಂದ ಹೆಚ್ಚುಕಡಮೆ ಅರ್ಧದಾರಿಯವರೆಗೂ ಹರಡಿರಬಹುದೆಂದು 2017ರಲ್ಲಿ ವಿಜ್ಞಾನಿಗಳು ಬರೆದರು. ಶನಿಯ ಒಡಲಿನ ಕಂಪನಗಳು ಅವನ ಬಳೆಗಳಲ್ಲಿ ಅಲೆಗಳನ್ನು ಎಬ್ಬಿಸುತ್ತವೆ. ಕ್ಯಾಸಿನಿ ನೋಡಿದ ಆ ಅಲೆಗಳನ್ನು ಓದಿ, ಶನಿಯ ತಿರುಳೂ ತ್ರಿಜ್ಯದ ಶೇಕಡಾ 60 ಪಾಲಿನವರೆಗೆ ಹರಡಿದೆಯೆಂದು 2021ರಲ್ಲಿ ತಿಳಿಸಿದರು.

ಇದರಿಂದ ಶಾಖದ ದಾರಿಗೇ ಕುತ್ತು ಬಂತು. ತಳದಲ್ಲಿ ಬೆಲ್ಲ ಕರಗಿ ಮಂದವಾಗಿ ನಿಂತ ಪಾನಕವನ್ನು ಕೆಳಗಿನಿಂದ ಕಾಯಿಸಿದರೆ, ತಳದ್ದು ಬಿಸಿಯಾದರೂ ಭಾರಕ್ಕೆ ಮೇಲೇರದು. ಪದರ ಪದರವಾಗಿ ತನ್ನಲ್ಲೇ ಸುತ್ತುತ್ತದೆ. ಗ್ರಹದ ಆಳವೂ ಹೀಗಿದ್ದರೆ ಬಿಸಿ ಅಲ್ಲಿಯೇ ಸಿಕ್ಕಿಬಿದ್ದು, ತಡೆ ತಡೆದು ಹೊರಬರುತ್ತದೆ. ಪದರಗಳಲ್ಲಿ ಸಿಕ್ಕಿದ ಈ ಹಳೆಯ ಬಿಸಿಯೇ ಶನಿಯ ಹೆಚ್ಚಿನ ಖರ್ಚಿಗೆ ಸಾಕು, ಹೀಲಿಯಂ ಮಳೆಯ ಅಗತ್ಯವಿಲ್ಲವೆಂದು ಲೆಕಾಂತ್ ಮತ್ತು ಶಾಬ್ರಿಯೇ ಎಂಬ ಫ್ರೆಂಚ್ ವಿಜ್ಞಾನಿಗಳು 2013ರಲ್ಲೇ ವಾದಿಸಿದ್ದರು. ಅವರ ಮಾತಿಗೆ ಈಗ ತೂಕ ಹೆಚ್ಚಿದೆ. ಮಳೆಯನ್ನೂ ಪದರಗಳನ್ನೂ ಕೂಡಿಸಿ ಲೆಕ್ಕಹಾಕುವವರೂ ಇದ್ದಾರೆ. ನಮಗೆ ಅದೇ ಹೆಚ್ಚು ಸಂಭವವೆಂದು ತೋರುತ್ತದೆ. ತೀರ್ಮಾನಕ್ಕೆ ಬೇಕಾದ ಅಂಕಿ ಒಂದೇ: ಶನಿಯ ಮೇಲ್ಪದರದಲ್ಲಿ ಹೀಲಿಯಂ ಎಷ್ಟು ಉಳಿದಿದೆ? ದೂರದಿಂದ ಮಾಡಿದ ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಕ್ಯಾಸಿನಿ 2017ರ ಸೆಪ್ಟೆಂಬರ್ 15ರಂದು ಶನಿಯೊಳಕ್ಕೇ ಧುಮುಕಿದರೂ ತೀರ ಮೇಲೆಯೇ ಉರಿದುಹೋಯಿತು. ಪ್ಯಾರಾಚೂಟು ಕಟ್ಟಿಕೊಂಡು ಗುರುವಿನಲ್ಲಿ ಇಳಿದಂಥ ಶೋಧಕ ಶನಿಯ ಮೋಡಗಳೊಳಕ್ಕೆ ಇನ್ನೂ ಇಳಿದಿಲ್ಲ.