ಫಾರ್ಮ್ಯಾಟ್ ಮಾಡುವ ಮುನ್ನ ಆ ಡಂಪ್ ಫೈಲ್ ನೋಡಿ

ನಗರ್ತಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಹಬ್ಬದ ವ್ಯಾಪಾರದ ನಡುವೆ ಬಿಲ್ಲಿಂಗ್ ಕಂಪ್ಯೂಟರ್ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಯ್ತು ಅಂತಿಟ್ಟುಕೊಳ್ಳಿ. ಪಕ್ಕದ ಎಸ್.ಪಿ. ರೋಡಿನಿಂದ ರಿಪೇರಿ ಹುಡುಗ ಬರುತ್ತಾನೆ. 'ಫಾರ್ಮ್ಯಾಟ್ ಮಾಡಿಬಿಡೋಣ ಸಾರ್' ಅನ್ನುತ್ತಾನೆ. ಅರ್ಧ ದಿನದ ವ್ಯಾಪಾರ ಹೋಗುತ್ತದೆ. ಮೂರು ವಾರಕ್ಕೆ ಮತ್ತೆ ಅದೇ ನೀಲಿ ಪರದೆ. ರೋಗ ಏನಂತ ಯಾರೂ ನೋಡಿರಲಿಲ್ಲ. ನೋಡಲು ಇದ್ದ ಸಾಕ್ಷಿಯೂ ಫಾರ್ಮ್ಯಾಟ್‌ನಲ್ಲಿ ಅಳಿಸಿಹೋಗಿತ್ತು.

ಆ ಸಾಕ್ಷಿಯೇ ಕ್ರ್ಯಾಶ್ ಡಂಪ್. ಸಿಸ್ಟಂ ಸಾಯುವ ಕ್ಷಣದಲ್ಲಿ ಮೆಮೊರಿಯಲ್ಲಿ ಏನಿತ್ತು, ಪ್ರೊಸೆಸರ್ ಯಾವ ಸೂಚನೆ ಪಾಲಿಸುತ್ತಿತ್ತು, ಯಾವ ಫಂಕ್ಷನ್ ಯಾವುದನ್ನು ಕರೆದು ಅಲ್ಲಿಗೆ ಬಂದಿತ್ತು ಎಂಬುದನ್ನೆಲ್ಲ ಬರೆದಿಡುವ ಫೈಲ್. ಯುನಿಕ್ಸ್ ಮಂದಿ ಇದನ್ನು ಈಗಲೂ 'ಕೋರ್ ಡಂಪ್' ಅನ್ನುತ್ತಾರೆ. ಹಳೇ ಕಂಪ್ಯೂಟರ್‌ಗಳ ಮೆಮೊರಿ ಪುಟಾಣಿ ಕಾಂತೀಯ ಉಂಗುರಗಳಿಂದ ಮಾಡಿದ್ದಾಗಿತ್ತು, ಆ ಉಂಗುರಕ್ಕೆ ಕೋರ್ ಅಂತ ಹೆಸರು. ಉಂಗುರ ಹೋಯ್ತು, ಹೆಸರು ಉಳೀತು.

ಇದರ ಬೆಲೆ ಜಗತ್ತಿಗೆ ಗೊತ್ತಾದದ್ದು 2024ರ ಜುಲೈ 19ರ ಶುಕ್ರವಾರ. ನಮ್ಮಲ್ಲಿ ಬೆಳಿಗ್ಗೆ 9.39. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಆ ದಿನ ಚೆಕ್-ಇನ್ ಕೈಬರಹಕ್ಕೆ ಇಳಿಯಿತು. (ಅದೇ ಹೊತ್ತಿಗೆ ಮೈಕ್ರೋಸಾಫ್ಟ್ ಕ್ಲೌಡ್‌ನಲ್ಲಿ ಬೇರೆಯದೇ ತೊಂದರೆ ಇತ್ತು, ಸುದ್ದಿಯಲ್ಲಿ ಎರಡೂ ಗೋಜಲಾದವು.) ವೈರಸ್ಸಾ, ದಾಳಿಯಾ ಅಂತ ಜನ ಕೇಳುತ್ತಿರುವಾಗಲೇ ಎಂಜಿನಿಯರುಗಳು ಡಂಪ್ ತೆರೆದಿದ್ದರು. ಅದರಲ್ಲಿ ಕ್ರೌಡ್‌ಸ್ಟ್ರೈಕ್‌ನದೇ ಡ್ರೈವರ್ ಹೆಸರಿತ್ತು. ಓದಬಾರದ ಮೆಮೊರಿ ವಿಳಾಸವನ್ನು ಅದು ಓದಲು ಹೋಗಿತ್ತು. ಮೈಕ್ರೋಸಾಫ್ಟ್ ಕೂಡ ಡಂಪ್‌ಗಳನ್ನು ಪರಿಶೀಲಿಸಿ ಅದನ್ನೇ ಹೇಳಿತು. ಆಗಸ್ಟ್‌ನಲ್ಲಿ ಕ್ರೌಡ್‌ಸ್ಟ್ರೈಕ್ ಪೂರ್ತಿ ಕಾರಣ ಬಿಚ್ಚಿಟ್ಟಿತು: ಹೊಸ ನಿಯಮ 21ನೇ ಮೌಲ್ಯವನ್ನು ಕೇಳಿತು, ಕೊಟ್ಟಿದ್ದು 20 ಮಾತ್ರ.

ಹಾಗಂತ ಡಂಪ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಹೆಣ ಎಲ್ಲಿ ಬಿತ್ತು ಅನ್ನುವುದು ಅದಕ್ಕೆ ಗೊತ್ತು, ಕೊಂದವರು ಯಾರು ಅನ್ನುವುದು ಸದಾ ಗೊತ್ತಿರುವುದಿಲ್ಲ. ಒಂದು ಡ್ರೈವರ್ ಇನ್ನೊಂದರ ಮೆಮೊರಿ ಕೆಡಿಸಿ ಸುಮ್ಮನಾಗಬಹುದು, ಆಮೇಲೆ ಸಿಕ್ಕಿಬೀಳುವುದು ಪಾಪದ ಎರಡನೆಯದು. ಅದಕ್ಕೇ ಒಂದೇ ಡಂಪ್ ನಂಬಬಾರದು, ನಾಲ್ಕೈದನ್ನು ಹೋಲಿಸಬೇಕು. ಪ್ರತಿ ಸಲವೂ ಒಂದೇ ಡ್ರೈವರ್ ಹೆಸರು ಬಂದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ. ಪ್ರತಿ ಸಲ ಬೇರೆ ಬೇರೆ ಹೆಸರು ಬಂದರೆ ರ್‍ಯಾಮ್ ಪರೀಕ್ಷೆ ಮಾಡಿಸಿ, ಅದರಲ್ಲೂ ಅದು ಸೆಕೆಂಡ್ ಹ್ಯಾಂಡ್ ಆಗಿದ್ದರೆ. ರ್‍ಯಾಮ್ ಕೆಟ್ಟಿದ್ದರೆ ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ ಪ್ರಯೋಜನ ಇಲ್ಲ.

ಹುಡುಕುವುದು ಕಷ್ಟವೇನಲ್ಲ. ವಿಂಡೋಸ್ ಫೋಲ್ಡರ್ ಒಳಗೆ 'ಮಿನಿಡಂಪ್' ಅಂತ ಇನ್ನೊಂದು ಫೋಲ್ಡರ್ ಇರುತ್ತೆ. ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿ ಉಚಿತ. ಫೈಲ್ ತೆರೆದು 'ಅನಲೈಸ್' ಆಜ್ಞೆ ಕೊಟ್ಟರೆ ಅನುಮಾನದ ಹೆಸರು ಬರುತ್ತದೆ. ಫೋಲ್ಡರ್ ಖಾಲಿ ಇದೆಯಾ? ಜಾಗ ಉಳಿಸಲು ಯಾರೋ ಪೇಜ್ ಫೈಲ್ ಆಫ್ ಮಾಡಿರಬಹುದು. ಕ್ರ್ಯಾಶ್ ಆದಾಗ ವಿಂಡೋಸ್ ಸಾಮಾನ್ಯವಾಗಿ ಮೊದಲು ಬರೆಯುವುದು ಅಲ್ಲಿಗೇ, ರೀಸ್ಟಾರ್ಟ್ ಆದಮೇಲೆ ಡಂಪ್ ಫೈಲ್ ಆಗುತ್ತದೆ. 'ಕ್ಲೀನರ್' ಸಾಫ್ಟ್‌ವೇರ್‌ಗಳೂ ಇವನ್ನು ಕಸ ಅಂತ ಗುಡಿಸಿಬಿಡುತ್ತವೆ.

ಒಂದು ಎಚ್ಚರ. ಮಿನಿಡಂಪ್ ಚಿಕ್ಕದು, ಆದರೆ ಪೂರ್ತಿ ಡಂಪ್ ಅಂದರೆ ಮೆಮೊರಿಯ ಇಡೀ ನಕಲು. ಗಿರಾಕಿಗಳ ಫೋನ್ ನಂಬರು, ತೆರೆದಿದ್ದ ಲೆಕ್ಕ, ಪಾಸ್‌ವರ್ಡ್ ಎಲ್ಲ ಅದರಲ್ಲಿ ಸಿಗಬಹುದು. ಹ್ಯಾಕರುಗಳ ಕೈಗೆ ಹೋದ ತನ್ನ ಒಂದು ಗುಪ್ತ ಕೀಲಿ ಕ್ರ್ಯಾಶ್ ಡಂಪ್ ಮೂಲಕ ಸೋರಿರಬಹುದು ಅಂತ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಹೇಳಿತ್ತು. ಅಂಥ ಡಂಪ್ ಸಿಗಲಿಲ್ಲ ಅಂತ 2024ರಲ್ಲಿ ತಿದ್ದಿಕೊಂಡಿತು. ಆ ಮಟ್ಟದ ಕಂಪನಿಗೇ ಇಂಥ ಅನುಮಾನ ಬಂತು ಅಂದಮೇಲೆ, ಅಂಗಡಿಯ ಪೂರ್ತಿ ಡಂಪನ್ನು ವಾಟ್ಸಾಪ್‌ನಲ್ಲಿ ಸಿಕ್ಕವರಿಗೆಲ್ಲ ಕಳಿಸಬೇಡಿ. ರಿಪೇರಿಗೆ ಬಂದವರಿಗೆ ಮಿನಿಡಂಪ್ ಕೊಡಿ, ಅದನ್ನೂ ಮೊದಲು ಒಂದು ಪೆನ್ ಡ್ರೈವ್‌ಗೆ ನಕಲು ಮಾಡಿಕೊಂಡು.